ಬಸುರಿ ಗಂಟು ಹಾಕಬಾರದು

ನವೆಂಬರ್ 12, ಮಂಗಳವಾರ

ಯಾದಗಿರಿಗೆ ಹೋಗಿ ತೋರಿಸಿಕೊಂಡು ಶಹಾಪುರಕ್ಕೆ ವಾಪಸು ಬಂದೆ. ಏಳನೇ ತಿಂಗಳು ಬಿದ್ದಿದೆ, ಎಲ್ಲ ಸರಿಯಾಗಿದೆ ಎಂದರು ಡಾಕ್ಟರ್ ಮೇಡಂ. ಎಲ್ಲ ಸರಿಯಾಗಿದೆ ಎಂದು ಹೋದ ವರ್ಷವೂ ಹೇಳಿದ್ದರು. ಅದಾಗಿ ಸ್ವಲ್ಪ ದಿನಕ್ಕೇ ಆ ಬಸಿರು ಇಳಿದುಹೋಯಿತು. ಹಾಗಾಗಿ ಈಗ ಯಾರಾದರೂ 'ಎಲ್ಲ ಸರಿಯಾಗಿದೆ' ಎಂದರೆ ನನ್ನ ಅಂಗೈ ಬೆವರುತ್ತದೆ. "ಅಂಜಬ್ಯಾಡಮ್ಮ, ಮನಸ್ಸು ಯಾವುದರಾಗರ ಹಚ್ಚು" ಎಂದರು. ಹಚ್ಚೋಣ ಬಿಡು ಎಂದು ಸೀದಾ ಲಾಡ್ಲೇಸಾಬರ ಅಂಗಡಿಗೆ ಹೋದೆ.

ಬಳೆ, ರಿಬ್ಬನ್, ಗುಂಡಿ ಮಾರುವ ಅಂಗಡಿ. ಉಲ್ಲನ್ ಉಂಡೆಗಳು ಮೇಲಿನ ಗೂಡಿನಲ್ಲಿ ಧೂಳು ತಿನ್ನುತ್ತ ಕೂತಿರುತ್ತವೆ. ಈ ಬಿಸಿಲೂರಿನಲ್ಲಿ ಅವನ್ನು ಕೇಳುವ ಹುಚ್ಚಿ ನಾನೊಬ್ಬಳೇ.

"ಅಕ್ಕೋರ, ಇಲ್ಲಿ ಥಂಡಿ ಎಲ್ಲದ ಅಂತ ಸ್ವೆಟರ್ ಹೆಣೀತೀರಿ? ಜರಾ ನನಗೂ ತೋರಸ್ರಿ, ಹೋಗಿ ಕುಂತು ಬರ್ತೀನಿ."

"ಹೆಣಿಯೋದು ನನ್ನ ಹುಚ್ಚು ಕಾಕಾ. ಹಾಕ್ಕೊಳ್ಳೋದು ಮಂದಿ ಕರ್ಮ."

ಖರೇ ಮಾತು. ನನ್ನ ಗಂಡ ಭೀಮು ನಾನು ಹೆಣೆದ ಸ್ವೆಟರ್ ತೊಟ್ಟು ಜಿನ್ನಿಂಗ್ ಮಿಲ್ಲಿಗೆ ಹೋಗಿ, ಮಧ್ಯಾಹ್ನ ಅದನ್ನು ಹಿಂಡುತ್ತ ಬಂದಿದ್ದ. ಇವತ್ತು ಎಳೆ ಹಳದಿ ಬಣ್ಣದ್ದು ತಗೊಂಡೆ. ಯಾರಿಗೆ ಎಂದು ಲಾಡ್ಲೇಸಾಬ್ ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಿದರೆ ದೃಷ್ಟಿಯಾದೀತೆಂದಲ್ಲ, ಸುಮ್ಮನೆ.

ನವೆಂಬರ್ 14, ಗುರುವಾರ

ಪಡಸಾಲೆಯಲ್ಲಿ ಕೂತು ಕೂಸಿನ ಕುಲಾವಿಗೆ ಮೊದಲ ಸಾಲು ಎತ್ತಿದ್ದೆ. ಅತ್ತೆ ಮಾಳಮ್ಮ ಹಿಂದಿನಿಂದ ಬಂದು, ಸಣ್ಣ ಹುಡುಗರ ಕೈಯಿಂದ ಕುಡಗೋಲು ಕಸಿದುಕೊಳ್ಳುವ ಹಾಗೆ ಕಡ್ಡಿಗಳನ್ನು ಕಸಿದುಕೊಂಡರು.

"ಬಸುರಿ ಗಂಟು ಹಾಕಬಾರದು. ಹೊಟ್ಯಾಗ ಕೂಸಿನ ಕೊರಳಿಗೆ ಕರುಳು ಸುತ್ತತದ. ಹಡೆಯೋ ತನಕ ದಾರ ಮುಟ್ಟಬ್ಯಾಡ."

"ನೀವು ದಿನಾ ಉಣ್ಣಿ ನೂಲ್ತೀರಲ್ಲ ಅತ್ತಿ?"

"ನೂಲೋದ್ರಾಗ ಗಂಟು ಎಲ್ಲದ? ಎಳಿ ಹರದ್ರ ಉಗುಳು ಹಚ್ಚಿ ತಿಕ್ಕಿದ್ರ ಕೂಡ್ತದ. ನಿನ್ನ ಪ್ಲಾಸ್ಟಿಕ್ ದಾರಕ್ಕ ಗಂಟೇ ಗತಿ. ಮತ್ತ ನಾ ಏನು ಬಸುರೇನು?"

ನಾನು ಬಿ.ಎಡ್. ಮಾಡಿದವಳು. ಎಂಟನೇ ತರಗತಿಗೆ ವಿಜ್ಞಾನ ಹೇಳುವವಳು. ಹೊಕ್ಕುಳಬಳ್ಳಿಯನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದವಳು. ಇಂಥದ್ದನ್ನೆಲ್ಲ ನಂಬಿದರೆ ಸಂಬಳ ವಾಪಸು ಕೊಡಬೇಕಾಗುತ್ತದೆ. ಆದರೆ ಅತ್ತೆಯ ಜೊತೆ ವಾದಕ್ಕೆ ನಿಂತು ಗೆದ್ದವರು ಈ ಮನೆಯಲ್ಲಿ ಯಾರೂ ಇಲ್ಲ. ಮಾವ ದೇವಿಂದ್ರಪ್ಪ ಕುರಿ ಹಿಂಡು ಹೊಡೆದುಕೊಂಡು ಸುರಪುರದ ಕಡೆ ಹೊಲಗಳಿಗೆ ಹೋದವರು ತಿಂಗಳುಗಟ್ಟಲೆ ತಿರುಗಿ ನೋಡುವುದಿಲ್ಲ. ಅವರ ಜಾಣತನ ನನಗೆ ಈಗ ಅರ್ಥವಾಗುತ್ತಿದೆ.

ಉಲ್ಲನ್ನೂ ಇನ್ನೊಂದು ಜೊತೆ ಕಡ್ಡಿಯನ್ನೂ ಟಿಫಿನ್ ಚೀಲಕ್ಕೆ ಸೇರಿಸಿದ್ದೇನೆ. ಶಾಲೆಯ ಕಪಾಟಿನಲ್ಲಿ ಇಡುವುದು.

ನವೆಂಬರ್ 27, ಬುಧವಾರ

ಶಿರವಾಳದ ಶಾಲೆಯಲ್ಲಿ ಊಟದ ಬಿಡುವು ದೊಡ್ಡದು. ನಾನೂ ಕನ್ನಡ ಹೇಳುವ ಪಂಚಶೀಲಾನೂ ಬೇವಿನ ಗಿಡದ ಕೆಳಗೆ ಕೂರುತ್ತೇವೆ. ಅವಳು ಮಕ್ಕಳ ವಹಿ ತಿದ್ದುತ್ತಾಳೆ, ನಾನು ಹೆಣೆಯುತ್ತೇನೆ. ಕುಲಾವಿಗೆ ಕೈ ಪಳಗಲಿ ಎಂದು ಮೊದಲು ಅವಳ ಮಗಳು ಶಿವಾನಿಗೆ ಒಂದು ಕೆಂಪು ಟೋಪಿ ಮಾಡಿ, ತುದಿಗೆ ಗೊಂಡೆ ಕಟ್ಟಿಕೊಟ್ಟೆ. ಈಗ ಹಳದಿ ಕುಲಾವಿ ನಡೆದಿದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಕಡ್ಡಿಗಳು ಟಕಟಕ ಅನ್ನುವಾಗ ಕೂಸು ಒದೆಯುತ್ತದೆ. ಒದ್ದಷ್ಟು ಹೊತ್ತು ನನಗೆ ಹೆದರಿಕೆ ಇರುವುದಿಲ್ಲ.

ಅತ್ತೆಯ ಮಾತು ಹೇಳಿದೆ. ಪಂಚಶೀಲಾ ಬಿದ್ದು ಬಿದ್ದು ನಕ್ಕಳು.

"ನಮ್ಮ ಮನ್ಯಾಗ ಇಂಥಾವು ಯಾವೂ ನಂಬಂಗಿಲ್ಲವ್ವ. ಬುದ್ಧ, ಬಾಬಾಸಾಹೇಬ್, ಅಷ್ಟೇ. ಆದ್ರ ಶಿವಾನಿ ಹೊಟ್ಯಾಗಿದ್ದಾಗ ಗ್ರಹಣ ಬಂತು ನೋಡು, ನಮ್ಮವ್ವ ನನ್ನ ಕೋಣ್ಯಾಗ ಹಾಕಿ ಚಿಲಕ ಜಡದಳು."

"ನೀ ಸುಮ್ನ ಕುಂತಿ?"

"ಕುಂತೆ. ಹೊಟ್ಟಿ ನಂದಲ್ಲ? ಅಂಜಿಕಿ ಬಂತು."

ನಾನು ಅವಳಿಗಿಂತ ಗಟ್ಟಿ.

ಡಿಸೆಂಬರ್ 8, ರವಿವಾರ

ಕೇಳಬಾರದಿತ್ತು, ಕೇಳಿದೆ. ಭೀಮು ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದ. ನಿಮ್ಮವ್ವಗ ದಾರ ಕಂಡರ ಅಷ್ಟ್ಯಾಕ ಸಿಟ್ಟು ಎಂದೆ.

"ನನಗಿಂತ ಮದಲ ಒಬ್ಬ ಅಣ್ಣ ಇದ್ದ" ಎಂದ, ಹವೆ ಎಷ್ಟಿದೆ ಎಂದು ಟೈರ್ ಒತ್ತಿ ನೋಡುತ್ತ. "ಇದ್ದ ಅಂದ್ರ, ಸತ್ತೇ ಹುಟ್ಟಿದ. ಕೊರಳಿಗೆ ಕರುಳು ಸುತ್ತಿತ್ತಂತ. ಅವ್ವ ತುಂಬಿದ ಬಸುರ್ಯಾಗ ಮಗ್ಗಕ್ಕ ಕುಂತು ಕಂಬಳಿ ಹಾಸು, ಅಂದ್ರ ಉದ್ದನ ಎಳಿ, ಕಟ್ಟಾಕತ್ತಿದ್ಳು. ಎಳಿ ಎಳಿಗೂ ಗಂಟು. ಕೈಯಾರ ಮಗನ ಕೊರಳು ಬಿಗದಳು ಅಂತ ನಮ್ಮಜ್ಜಿ ಅಂದ್ರಂತ. ಊರ ಮಂದೀನೂ ಅಂದ್ರು. ಆಮ್ಯಾಲ ಅವ್ವ ಮಗ್ಗದ ಕಡಿ ಹೋಗೇ ಇಲ್ಲ. ಮಾರಿಬಿಟ್ರು."

"ನೀವು ನಂಬ್ತೀರೇನು?"

"ಹಳೇ ಮಂದಿ ಮಾತು. ಏನೋ ಇದ್ದೀತು." ಬಕೀಟಿನ ನೀರು ಗಾಲಿಗೆ ಚೆಲ್ಲಿದ.

ಏನೋ ಇದ್ದೀತು! ಆ ನಾಲಿಗೆಗೆ ಸ್ವಲ್ಪ ಎಲುಬು ಇದ್ದಿದ್ದರೆ. ಒಳಗೆ ಬಂದು ಮಂಚದ ಮೇಲೆ ಕೂತೆ. ಹಳದಿ ಕುಲಾವಿಯಲ್ಲಿ ದಾರ ಹರಿದು ನಾನು ಕಟ್ಟಿದ ಗಂಟುಗಳು ಒಂದೊಂದಾಗಿ ನೆನಪಾದವು. ಕಿವಿಯ ಹತ್ತಿರ ಒಂದು, ಹಿಂದೆ ಒಂದು.

ಇದು ಮೂಢನಂಬಿಕೆ. ಬರೆದು ಇಡುತ್ತೇನೆ: ಇದು ಮೂಢನಂಬಿಕೆ.

ಡಿಸೆಂಬರ್ 19, ಗುರುವಾರ

ಉಪಾಯ ಸಿಕ್ಕಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಕ್ಕಳಿಗೆ ತೋರಿಸಲು ಬೇಕು ಎಂದು ಸುಳ್ಳು ಹೇಳಿ, ಅತ್ತೆ ನೂತ ಕರಿ ಉಣ್ಣೆಯ ಒಂದು ಉಂಡೆ ಇಸಿದುಕೊಂಡೆ. ಎಳೆ ಕೂಡಿಸುವುದನ್ನೂ ಕಲಿಸಿ ಎಂದೆ. ಅತ್ತೆಗೆ ಎಂದೂ ಇಲ್ಲದ ಖುಷಿ. ಎರಡು ತುದಿಗಳನ್ನು ಬಿಡಿಸಿ, ಒಂದರ ಮೇಲೊಂದು ಇಟ್ಟು, ಉಗುಳು ಹಚ್ಚಿ ಅಂಗೈಯಲ್ಲಿ ತಿಕ್ಕಿದರು. ಎಳೆದರೆ ಎಲ್ಲಿ ಕೂಡಿದೆ ಎಂದು ಗೊತ್ತೇ ಆಗುವುದಿಲ್ಲ.

"ನಿನ್ನ ಕೈ ಭಾಳ ಥಂಡಿ ಅದ. ಬಿಸಿ ಕೈಗೆ ಜಲ್ದಿ ಕೂಡ್ತದ" ಎಂದು ನನ್ನ ಎರಡೂ ಕೈಗಳನ್ನು ತಮ್ಮ ಅಂಗೈಯೊಳಗೆ ಇಟ್ಟುಕೊಂಡು ಉಜ್ಜಿದರು.

ಹಳದಿ ಕುಲಾವಿ ಕಪಾಟಿನಲ್ಲಿ ಹಾಗೇ ಇದೆ. ಇವತ್ತು ಶಾಲೆಯಲ್ಲಿ ಉಣ್ಣೆ ಹಿಡಿದೆ. ಹೆದರಿ ಅಲ್ಲ, ಉಣ್ಣೆ ಚೆನ್ನಾಗಿದೆ ಎಂದು. ಕೂಸಿನ ತಲೆಗೆ ಇದು ಚುಚ್ಚುತ್ತದೆ ಎಂದು ಗೊತ್ತು. ಕೂಸಿಗಲ್ಲ, ಸುಮ್ಮನೆ ಒಂದು ಪಟ್ಟಿ. ಆದರೆ ಕಡ್ಡಿಗೆ ದಾರ ಏರಿಸುವಾಗ ಕೈ ನಿಂತಿತು. ಮೊದಲ ಕುಣಿಕೆಯೇ ಗಂಟಲ್ಲವೇ? ಇಷ್ಟು ವರ್ಷ ಹೆಣೆದೂ ನಾನು ಅದನ್ನು ಯೋಚಿಸಿರಲೇ ಇಲ್ಲ. ಎಳೆದು ನೋಡಿದೆ, ಬಿಚ್ಚಿಕೊಂಡಿತು. ಎಳೆದರೆ ಬಿಚ್ಚುವುದು ಗಂಟಲ್ಲ. ಮತ್ತೆ ಹಾಕಿದೆ, ಮತ್ತೆ ಎಳೆದೆ. ಬಿಡುವಿನ ಗಂಟೆ ಹೊಡೆಯುವ ತನಕ ಅಷ್ಟೇ ಮಾಡಿದೆ. ಪಂಚಶೀಲಾ ಇವತ್ತು ನಗಲಿಲ್ಲ.

ಜನವರಿ 8, ಬುಧವಾರ

ಯಾದಗಿರಿಯಲ್ಲಿ ಸ್ಕ್ಯಾನ್. ಕೊರಳಿಗೆ ಹೊಕ್ಕುಳಬಳ್ಳಿ ಒಂದು ಸುತ್ತು ಬಂದಿದೆ.

ಡಾಕ್ಟರ್ ಮೇಡಂ ಇನ್ನೂ ಏನೇನೋ ಹೇಳಿದರು. ಎಷ್ಟೋ ಕೂಸುಗಳಿಗೆ ಇರುತ್ತದಂತೆ, ಹೆದರುವಂಥದ್ದಲ್ಲವಂತೆ, ಕೂಸು ಆಡುವುದು ಕಡಿಮೆಯಾದರೆ ಮಾತ್ರ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕಂತೆ. ಎಲ್ಲ ಭೀಮು ಕೇಳಿಸಿಕೊಂಡ. ನನ್ನ ಕಿವಿಗೆ 'ಸುತ್ತು' ಎಂಬುದರ ನಂತರ ಏನೂ ಬೀಳಲಿಲ್ಲ. ಅಂಜಿದವರ ಮೇಲೆ ಕಪ್ಪೆ ಎಸೆದ ಹಾಗಾಯಿತು.

"ಅವ್ವಗ ಹೇಳಬ್ಯಾಡ" ಎಂದ ಭೀಮು ದಾರಿಯಲ್ಲಿ. ಹೇಳುವುದಕ್ಕೆ ನನಗೆ ಬಾಯಾದರೂ ಎಲ್ಲಿದೆ? ಅವರು ಹೇಳಿದ್ದರು. ನಾನು ಕೇಳಲಿಲ್ಲ. ದೇವರೇ, ನಾನು ಕೇಳಲಿಲ್ಲ.

ಜನವರಿ 9, ಗುರುವಾರ

ಬಿಚ್ಚಿದೆ. ಹಳದಿಯದು, ಕರಿಯದು, ಎಲ್ಲ.

ಜನವರಿ 13, ಸೋಮವಾರ

ಹೆರಿಗೆ ರಜೆ ಶುರುವಾಗಿದೆ. ಮನೆಯಲ್ಲಿ ಕೂತರೆ ಎಷ್ಟೊಂದು ಗಂಟುಗಳು ಕಣ್ಣಿಗೆ ಬೀಳುತ್ತವೆ! ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಸುತ್ತಿಟ್ಟೆ, ಹೇಗೂ ಹಳತಾಗಿತ್ತು. ಬಾಗಿಲಿಗೆ ನಾನೇ ಹೆಣೆದು ಕಟ್ಟಿದ್ದ ಉಲ್ಲನ್ ತೋರಣ ತೆಗೆದೆ, ಧೂಳಾಗಿತ್ತು. ಜಡೆ ಬಿಗಿದರೆ ತಲೆ ನೋಯುತ್ತದೆ, ಹಾಗಾಗಿ ಕೂದಲು ಬಿಟ್ಟುಕೊಂಡಿದ್ದೇನೆ. ಸೀರೆ ಬೇಡ, ನೈಟಿಯೇ ಸುಖ. ಲಾಡಿ ಕಟ್ಟುವ ರಗಳೆ ಇಲ್ಲ.

ಅಂಗಳದಲ್ಲಿ ನಮ್ಮ ಟಗರು ಗೂಟಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಪಾಪ, ಸ್ವಲ್ಪ ಓಡಾಡಲಿ ಎಂದು ಬಿಚ್ಚಿದೆ. ಅದು ಓಡಾಡಲು ಹೋಗಲಿಲ್ಲ. ಪಕ್ಕದ ಮನೆಯ ಅಲ್ತಾಫನ ಆಟೋದ ಕನ್ನಡಿಯಲ್ಲಿ ತನ್ನ ಮುಖ ಕಂಡು, ಯಾರೋ ಬೇರೆ ಟಗರು ಎಂದು ಹಿಂದೆ ಸರಿದು ಗುದ್ದಿ, ಕನ್ನಡಿ ಪುಡಿ ಮಾಡಿತು.

"ಅಯ್ಯೋ ಮಾಳವ್ವ! ನಿಮ್ಮ ಟಗರಿಗೆ ನನ್ನ ಆಟೋದ ಮ್ಯಾಲ ಏನು ದುಷ್ಮನಿ ಅದರಿ?" ಎಂದು ಅವನು ಕೂಗಿದ.

"ಯಾರು ಬಿಚ್ಚಿದ್ರು ಇದನ್ನ?" ಅತ್ತೆ ಓಡಿ ಬಂದರು.

ನಾನೇ ಎಂದೆ. ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ನನ್ನ ಬಿಚ್ಚಿದ ಕೂದಲು ನೋಡಿದರು, ಹಗ್ಗವಿಲ್ಲದ ಕಂಬ ನೋಡಿದರು, ಖಾಲಿ ಬಾಗಿಲು ನೋಡಿದರು. ಟಗರನ್ನು ಕಟ್ಟಲಿಲ್ಲ, ಒಳಗೆ ಕೂಡಿ ಕದ ಹಾಕಿದರು. ನನ್ನ ಬಗ್ಗೆ ಏನು ತಿಳಿದುಕೊಂಡರೋ.

ಜನವರಿ 21, ಮಂಗಳವಾರ

ಕೂಸು ಆಡುತ್ತಿದೆ. ಬೆಳಿಗ್ಗೆ ಆಡಿತು. ಉಂಡ ಮೇಲೆ ಆಡಿತು. ಆಡದ ಹೊತ್ತಿನಲ್ಲಿ ನಾನು ಉಸಿರು ಬಿಗಿಹಿಡಿದು ಕೂತಿರುತ್ತೇನೆ. ಯಾರು ಮಾತಾಡಿಸಿದರೂ ಸಿಟ್ಟು ಬರುತ್ತದೆ.

ಅತ್ತೆ ಮೂರು ದಿನದಿಂದ ನೂಲುವ ರಾಟಿ ಹೊರಗೆ ತೆಗೆದಿಲ್ಲ. ನನ್ನ ಎದುರು ಸುಮ್ಮನೆ ಕೂತು ಶೇಂಗಾ ಸುಲಿಯುತ್ತಾರೆ. ಸುಲಿದ ಕಾಳು ಮಾತ್ರ ನನ್ನ ಕೈಗೆ ಕೊಡುತ್ತಾರೆ.

ಜನವರಿ 28, ಮಂಗಳವಾರ

ಬೆಳಿಗ್ಗೆ ಎದ್ದಾಗಿನಿಂದ ಕೂಸು ಆಡಿಲ್ಲ. ಬೆಲ್ಲದ ನೀರು ಕುಡಿದೆ. ಎಡಕ್ಕೆ ಮಲಗಿದೆ. ಇಲ್ಲ.

ಈಗ ಹೊಳೆಯಿತು. ಶಿವಾನಿಯ ಕೆಂಪು ಟೋಪಿ! ಬಸಿರಿನಲ್ಲಿ ಹೆಣೆದದ್ದು ಅದೊಂದು ಉಳಿದಿದೆ. ಗೊಂಡೆಯನ್ನು ಗಂಟಿನ ಮೇಲೆ ಗಂಟು ಹಾಕಿ ಬಿಗಿದಿದ್ದೆ. ಎಲ್ಲ ಬಿಚ್ಚಿದೆ ಎಂದು ನಾನು ನೆಮ್ಮದಿಯಾಗಿದ್ದೆನಲ್ಲ, ಅಲ್ಲಿ ಅದು ಬಿಗಿದುಕೊಂಡೇ ಇದೆ. ಪಂಚಶೀಲಾಳ ಮನೆ ಎರಡು ಓಣಿ ಆಚೆ. ಅವಳು ಬಸ್ಸಿಗೆ ಹೊರಡುವ ಮೊದಲು ಹಿಡಿಯಬೇಕು. ಅದೊಂದು ಬಿಚ್ಚಿ ಆಮೇಲೆ ಆಸ್ಪತ್ರೆಗೆ ಹೋಗುತ್ತೇನೆ. ಮೊದಲು ಅದು.

ಭೀಮು ಮಿಲ್ಲಿಗೆ ಹೋಗಿದ್ದಾನೆ. ಅತ್ತೆ ಹಿತ್ತಲಲ್ಲಿದ್ದಾರೆ. ಹೇಳಿದರೆ ಕಾರಣ ಕೇಳುತ್ತಾರೆ.

ಫೆಬ್ರವರಿ 1, ಶನಿವಾರ

ಶಹಾಪುರದ ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊಲಿಗೆ ಎಳೆಯುತ್ತದೆ, ಆದರೂ ಬರೆಯುತ್ತೇನೆ. ಹೆಣ್ಣು ಕೂಸು. ಇದ್ದಾಳೆ. ಪಕ್ಕದಲ್ಲೇ ಮಲಗಿದ್ದಾಳೆ, ಮೂಗಿನಿಂದ ಸಣ್ಣಗೆ ಸದ್ದು ಮಾಡುತ್ತಾಳೆ.

ಅವತ್ತು ಶಿವಾನಿ ಟೋಪಿ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ತಲೆಯಿಂದ ಕಿತ್ತುಕೊಂಡೆ. ಆ ಹುಡುಗಿ ಅತ್ತದ್ದು ಕೇಳಿಸಿತು, ಆದರೆ ಯಾರೋ ದೂರದಲ್ಲಿ ಅತ್ತ ಹಾಗೆ. ಕಟ್ಟೆಯ ಮೇಲೆ ಕೂತು ದಾರ ಎಳೆಯತೊಡಗಿದೆ. ಸಾಲುಗಳು ಸರಸರ ಬಿಚ್ಚಿದವು. ಗೊಂಡೆಯ ಗಂಟು ಮಾತ್ರ ಬರಲಿಲ್ಲ. ಉಗುರು ಹಾಕಿದೆ, ಹಲ್ಲು ಹಾಕಿದೆ.

"ಭಾರತಿ, ಏನಾಗ್ಯದ ನಿನಗ? ಕೂಸು ಹೆಂಗದ?" ಎಂದು ಪಂಚಶೀಲಾ ಹೆಗಲು ಹಿಡಿದು ಅಲ್ಲಾಡಿಸಿದಳು.

"ಆಡವಲ್ದು. ಇದೊಂದು ಬಿಚ್ಚಿದ್ರ ಆಡ್ತದ."

ಅವಳು ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದಳಂತೆ. ನನಗೆ ಗೊತ್ತಾದದ್ದು ಕನ್ನಡಿಯಿಲ್ಲದ ಆಟೋ ಬಂದು ನಿಂತಾಗ. ಅತ್ತೆ ಬರಿಗಾಲಲ್ಲಿ ಇಳಿದರು. ನನಗೆ ಅವರ ಮುಖ ನೋಡುವ ಧೈರ್ಯ ಇರಲಿಲ್ಲ.

"ತಪ್ಪಾತು ಅತ್ತಿ. ನೀವು ಹೇಳಿದ ಮ್ಯಾಲೂ ಹೆಣದೀನಿ. ಇದೊಂದೇ ಗಂಟು ಉಳದದ, ಇದೊಂದು..."

ಅತ್ತೆ ನನ್ನ ಕೈಗೆ ಏಟು ಹಾಕಿದರು. ಟೋಪಿ ಚರಂಡಿಗೆ ಬಿತ್ತು.

"ಸುಡು ನಿನ್ನ ದಾರ! ನಾನೂ ಹಿಂಗ ಕುಂತಿದ್ದೆ! ಕೂಸು ಆಡವಲ್ದು ಅಂತ ಇಡೀ ದಿನ ಕುಂತು ಆ ಹಾಸು ಬಿಚ್ಚಿದೆ. ಒಂದು ಗಂಟು ಬಿಡಲಿಲ್ಲ. ಬಿಚ್ಚಿದ್ರ ಏನಾತು? ಏನಾತು ಹೇಳು? ಹೊತ್ತು ಹೋತು! ಏಳು, ಗಾಡಿ ಹತ್ತು!"

ನಾನು ಏಳಲಿಲ್ಲ. ಅತ್ತೆ ಮತ್ತು ಪಂಚಶೀಲಾ ಎರಡೂ ಕಡೆ ಕೈ ಹಾಕಿ ಎತ್ತಿ ಕೂರಿಸಿದರು. "ಯಾದಗಿರಿ ತನಕ ಬ್ಯಾಡ, ಇಲ್ಲೇ ಆಸ್ಪತ್ರಿಗೆ ಹೊಡಿ" ಎಂದು ಅತ್ತೆ ಅಲ್ತಾಫನಿಗೆ ಹೇಳಿದರು. ಅವನು ಒಂದೇ ಸಮ ಹಾರ್ನ್ ಒತ್ತುತ್ತ, ಎಮ್ಮೆಗಳನ್ನು ಬಯ್ಯುತ್ತ ಓಡಿಸಿದ. ಅತ್ತೆ ದಾರಿಯುದ್ದಕ್ಕೂ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಿದ್ದರು. "ಯವ್ವಾ, ಸತ್ತದೇನು ಇದು?" ಎಂದು ಕೇಳಿದೆ. ಅವರನ್ನು ನಾನು ಹಾಗೆ ಎಂದೂ ಕರೆದವಳಲ್ಲ, ಯಾಕೆ ಬಂತೋ. "ಬಾಯಿ ಮುಚ್ಚು" ಎಂದರು.

ಆಸ್ಪತ್ರೆಯಲ್ಲಿ ಎದೆಬಡಿತ ಹುಡುಕಿದರು. ಆ ಯಂತ್ರದಲ್ಲಿ ಗೊರಗೊರ ಸದ್ದು ಬಿಟ್ಟು ಏನೂ ಬರಲಿಲ್ಲ. ಆಮೇಲೆ ಬಂತು, ನಿಧಾನವಾಗಿ, ನಿಂತು ನಿಂತು. ಡಾಕ್ಟರ್‌ಬಾಯಿ ಯಾರನ್ನೂ ಏನೂ ಕೇಳಲಿಲ್ಲ, ಒಳಗೆ ಒಯ್ಯಿರಿ ಎಂದರು. ಬೆನ್ನಿಗೆ ಸೂಜಿ ಹಾಕಿದ್ದು ನೆನಪಿದೆ. ಆಮೇಲೆ ಒಂದು ಅಳು. ಬೆಕ್ಕಿನ ಮರಿಯ ಅಳುವಿನಷ್ಟೇ ಸಣ್ಣದು.

ಎರಡು ಸುತ್ತು ಇತ್ತಂತೆ.

ಇವತ್ತು ಬೆಳಿಗ್ಗೆ ಡಾಕ್ಟರ್‌ಬಾಯಿ ನೋಡಲು ಬಂದಾಗ ಅತ್ತೆ ಮೂಲೆಯಿಂದ ಎದ್ದು ಬಂದು ಸೆರಗು ಹೊದ್ದು ನಿಂತರು.

"ಬಾಯಾರ, ಒಂದು ಮಾತು ಕೇಳ್ತೀನ್ರಿ. ತಾಯಿ ಗಂಟು ಹಾಕಿದ್ರ ಕೂಸಿಗೆ ಹಿಂಗ ಸುತ್ತತದೇನ್ರಿ?"

"ಇಲ್ಲಮ್ಮ. ಕೂಸು ಹೊಟ್ಯಾಗ ಈಜಾಡ್ತದ, ಹೊಳ್ಳಾಡ್ತದ. ತಾನೇ ಸುತ್ತಕೊಳ್ತದ. ತಾಯಿ ಏನು ಮಾಡಿದ್ರೂ, ಬಿಟ್ರೂ ಅಷ್ಟೇ."

ಅತ್ತೆ ಅಲ್ಲಿಂದ ಕದಲಲಿಲ್ಲ.

"ಮಗ್ಗಕ್ಕ ಕುಂತಿದ್ರೂ ಇಲ್ಲೇನ್ರಿ?"

"ಯಾವ ಮಗ್ಗ?"

"ಕಂಬಳಿ ಮಗ್ಗ್ರಿ. ತುಂಬಿದ ಬಸುರಿ, ಹಾಸು ಕಟ್ಟಿದ್ರ... ಭಾಳ ಗಂಟು ಇರ್ತಾವ್ರಿ."

"ಏನೂ ಸಂಬಂಧ ಇಲ್ಲಮ್ಮ. ಯಾರ ತಪ್ಪೂ ಇರಂಗಿಲ್ಲ ಇದ್ರಾಗ" ಎಂದು ಡಾಕ್ಟರ್‌ಬಾಯಿ ಮುಂದಿನ ಹಾಸಿಗೆಗೆ ಹೋದರು.

ಅತ್ತೆ ನನ್ನ ಕಡೆ ತಿರುಗಿದರು. "ಭಾರತಿ, ಏನಂದ್ರು ಆಕಿ? ಇನ್ನೊಮ್ಮಿ ಹೇಳು."

"ಯಾರ ತಪ್ಪೂ ಇರಂಗಿಲ್ಲಂತ ಯವ್ವಾ."

"ಮಗ್ಗದ್ದೂ ಕೇಳಿದೆ ಅಲ್ಲ ನಾ?"

"ಕೇಳಿದ್ರಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲಂದ್ರು."

ಅತ್ತೆ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತರು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯದ ಹಾಗೆ, ಇಡೀ ವಾರ್ಡ್ ತಿರುಗಿ ನೋಡುವ ಹಾಗೆ ಅಳು ಬಂತು. ನಾನು ಇಳಿಯಲಾರದೆ ಅವರ ತಲೆಯ ಮೇಲೆ ಕೈ ಇಟ್ಟೆ. ಪಕ್ಕದ ಹಾಸಿಗೆಯ ಬಾಣಂತಿಯ ತಾಯಿ ಗಾಬರಿಯಾಗಿ ಎದ್ದು ಬಂದಳು.

"ಯಾಕವ್ವ, ಕೂಸಿಗೆ ಏನಾತು?"

"ಈ ಕೂಸು ಛಲೋ ಅದವ್ವ" ಎಂದರು ಅತ್ತೆ, ಬಿಕ್ಕುತ್ತಲೇ. "ನಾ ನನ್ನ ಹಿರಿ ಮಗಗ ಅಳಾಕತ್ತೀನಿ."

"ಯವ್ವಾ! ಯಾವಾಗ ಹೋದ?"

"ಮೂವತ್ತೆಂಟು ವರ್ಷಾತು. ಅವತ್ತು ನನಗ ಅಳಾಕ ಬಿಡಲಿಲ್ಲ."

ಆ ಹೆಂಗಸು ಅತ್ತೆಯ ಮಗ್ಗುಲಲ್ಲೇ ನೆಲದ ಮೇಲೆ ಕೂತು, ಅವರ ಬೆನ್ನು ಸವರತೊಡಗಿದಳು.